ಕಾಲ್ಬೆರಳನ್ನೆತ್ತುವ ಸ್ನಾಯು

ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಉಬ್ಬಿಕೊಂಡಿರುವ ಮಾಂಸಕ್ಕೆ ಕನ್ನಡದಲ್ಲಿ ಮೀನಖಂಡ ಎಂಬ ಸೊಗಸಾದ ಹೆಸರಿದೆ. ಮರಾಠಿಯಲ್ಲಿ ಅದು ಪೋಟರಿ. ಅದೇ ಕಾಲಿನ ಮುಂಬದಿಯಲ್ಲಿ ಎಲುಬಿಗೆ ಒತ್ತಿಕೊಂಡು ಇಳಿಯುವ ಸ್ನಾಯುವಿಗೆ ಅಂಥ ಮನೆಮಾತಿನ ಹೆಸರು ಸಿಕ್ಕಿಲ್ಲ. ಮರಾಠಿಯ ನಡಗಿ ಎಂಬ ಪದವೂ ಅಲ್ಲಿನ ಎಲುಬಿಗೇ ಸೇರಿದ್ದು. ವೈದ್ಯರು ಈ ಸ್ನಾಯುವನ್ನು ಟಿಬಿಯಾಲಿಸ್ ಆಂಟೀರಿಯರ್ ಎನ್ನುತ್ತಾರೆ. ಕಣ್ಣಿಗೆ ಬೀಳದ ವಸ್ತುವಿಗೆ ಹೆಸರಿಡುವ ತೊಂದರೆಯನ್ನು ಯಾವ ಭಾಷೆ ತೆಗೆದುಕೊಂಡೀತು?

ಹಿಮ್ಮಡಿ ನೆಲದಲ್ಲೇ ಇಟ್ಟು ಪಾದದ ಮುಂಭಾಗವನ್ನು ಮೇಲಕ್ಕೆತ್ತಿದರೆ, ಎಲುಬಿನ ಹೊರಬದಿಯಲ್ಲಿ ಅದು ಗಟ್ಟಿಯಾಗುವುದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಹೊರಡುವ ಸ್ನಾಯುರಜ್ಜು ಪಾದದ ಕೀಲನ್ನು ದಾಟಿ, ಒಳಬದಿಗೆ ತಿರುಗಿ, ಹೆಬ್ಬೆರಳಿನ ಬುಡದ ಎಲುಬುಗಳಿಗೆ ಅಂಟುತ್ತದೆ. ಪಕ್ಕದಲ್ಲೇ ಹೆಬ್ಬೆರಳನ್ನು ಎತ್ತುವುದೊಂದು, ಉಳಿದ ನಾಲ್ಕು ಬೆರಳುಗಳನ್ನು ಎತ್ತುವುದೊಂದು, ಜೊತೆಗೆ ಕೆಲವರಲ್ಲಿ ಇಲ್ಲವೇ ಇಲ್ಲದ ಒಂದು ಪುಟ್ಟ ಸ್ನಾಯು. ನಡೆಯುವಾಗ ಇವಕ್ಕೆ ಎರಡು ಕೆಲಸ. ಕಾಲು ಗಾಳಿಯಲ್ಲಿ ಮುಂದೆ ಸಾಗುವಾಗ ಬೆರಳು ನೆಲಕ್ಕೆ ತಾಗದಂತೆ ಎತ್ತಿಹಿಡಿಯಬೇಕು; ಆಗ ಬೆರಳಿಗೂ ನೆಲಕ್ಕೂ ನಡುವೆ ಉಳಿಯುವ ಅಂತರ ಒಂದೆರಡು ಸೆಂಟಿಮೀಟರ್ ಮಾತ್ರ. ಹಿಮ್ಮಡಿ ಊರಿದ ಮೇಲೆ ಪಾದ ಪಟ್ಟನೆ ಬಡಿಯದಂತೆ ನಿಧಾನವಾಗಿ ಇಳಿಸಬೇಕು. ಈ ಎರಡನೆಯದು ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಬಿಗಿಹಿಡಿದೇ ಸಡಿಲಿಸಿದ ಹಾಗೆ.

ಪೋಲಿಯೊ ವೈರಾಣು ಸ್ನಾಯುವನ್ನು ಮುಟ್ಟುವುದಿಲ್ಲ; ಬೆನ್ನುಹುರಿಯಲ್ಲಿ ಕುಳಿತು ಅದಕ್ಕೆ ಆಜ್ಞೆ ಕಳಿಸುವ ನರಕೋಶಗಳನ್ನು ಕೊಲ್ಲುತ್ತದೆ. ಬ್ರಿಟನ್ನಿನ ಶಸ್ತ್ರವೈದ್ಯ ಶರಾರ್ಡ್ ಪೋಲಿಯೊದಿಂದ ಸತ್ತವರ ಬೆನ್ನುಹುರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಒಗಟು ಬಿಡಿಸಿದ. ಕೆಲವು ಸ್ನಾಯುಗಳ ನರಕೋಶಗಳು ಬೆನ್ನುಹುರಿಯಲ್ಲಿ ಉದ್ದವಾದ ಸಾಲಾಗಿ ಹರಡಿರುತ್ತವೆ. ಟಿಬಿಯಾಲಿಸ್ ಆಂಟೀರಿಯರ್‌ನವು ಗಿಡ್ಡ ಸಾಲಿನಲ್ಲಿ ಒತ್ತಾಗಿ ಇರುತ್ತವೆ. ಉದ್ದ ಸಾಲಿನ ಮೇಲೆ ದಾಳಿಯಾದರೆ ಒಂದಷ್ಟು ಉಳಿಯುತ್ತವೆ, ಗಿಡ್ಡ ಸಾಲು ಒಂದೇ ಏಟಿಗೆ ಹೋಗುತ್ತದೆ. ಪೋಲಿಯೊ ಬಂದ ಮಕ್ಕಳಲ್ಲಿ ಈ ಸ್ನಾಯು ಅಷ್ಟು ಸಲ ಪೂರ್ತಿ ಸತ್ತುಹೋಗುತ್ತಿದ್ದುದಕ್ಕೆ ಕಾರಣ ಇದು. ಎದುರಾಳಿ ಇಲ್ಲದ ಮೀನಖಂಡ ಆಮೇಲೆ ಹಿಮ್ಮಡಿಯನ್ನು ಮೇಲಕ್ಕೆಳೆಯುತ್ತದೆ. ಪಾದ ಜೋತುಬೀಳುತ್ತದೆ, ಮಗು ಪ್ರತಿ ಹೆಜ್ಜೆಗೂ ಮೆಟ್ಟಿಲು ಹತ್ತುವವರಂತೆ ಮಂಡಿ ಎತ್ತಿ ನಡೆಯುತ್ತದೆ.

1940ರ ದಶಕದ ಮುಂಬಯಿಯಲ್ಲಿ ಇಂಥ ಮಗುವನ್ನು ಕರೆದೊಯ್ಯುವುದೆಲ್ಲಿಗೆ? ಸ್ವಾತಂತ್ರ್ಯ ಚಳವಳಿಯಲ್ಲಿದ್ದ ಫಾತೆಮಾ ಇಸ್ಮಾಯಿಲ್ ಅವರ ಪುಟ್ಟ ಮಗಳಿಗೆ ಪೋಲಿಯೊ ತಗುಲಿದಾಗ ಆಕೆ ಮದರಾಸಿನವರೆಗೆ ಹೋಗಿ ಮೂಳೆತಜ್ಞ ಡಾ. ಎಂ. ಜಿ. ಕಿಣಿಯವರ ಬಾಗಿಲು ತಟ್ಟಬೇಕಾಯಿತು. ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಮುಂಬಯಿಗೆ ಮರಳಿದ ಮೇಲೆ ತಮ್ಮ ಮಗಳಿಗೆ ಸಿಕ್ಕಿದ್ದು ಉಳಿದ ಮಕ್ಕಳಿಗೂ ಸಿಗಬೇಕೆಂದು ಹಟ ಹಿಡಿದರು. 1947ರಲ್ಲಿ ಅವರ ಚಿಕಿತ್ಸಾಲಯಕ್ಕೆ ಜಾಗ ಕೊಟ್ಟವರು ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗಾ. ಕುಮಟಾದ ಕಾಲೇಜು, ಉಡುಪಿ ದೊಡ್ಡಣಗುಡ್ಡೆಯ ಆಸ್ಪತ್ರೆ ಇಂದಿಗೂ ಹೊತ್ತಿರುವ ಹೆಸರು ಇದೇ. ಕಿಣಿ, ಬಾಳಿಗಾ: ಕರಾವಳಿಯ ಎರಡು ಅಡ್ಡಹೆಸರುಗಳು ಈ ಕಥೆಯಲ್ಲಿ ಇಷ್ಟು ಹತ್ತಿರ ಬರುತ್ತವೆ ಎಂಬುದನ್ನು ನಮ್ಮೂರಿನವರೂ ಅಷ್ಟಾಗಿ ನೆನೆಯುವುದಿಲ್ಲ.

ಅಲ್ಲಿಂದ ಹುಟ್ಟಿದ ಸಂಸ್ಥೆ ಮುಂದೆ ಹಾಜಿ ಅಲಿಯಲ್ಲಿ ನೆಲೆಯೂರಿತು. 1949ರಲ್ಲಿ ಪೋಲಿಯೊ ಸಂಶೋಧನಾ ಘಟಕ ನಗರದಲ್ಲಿ ಶುರುವಾಯಿತು. 1950ರ ದಶಕದ ಆರಂಭದಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಬಂತು. 1955ರಲ್ಲಿ ಹಾಜಿ ಅಲಿಯಲ್ಲೇ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ.

ಆ ಶಾಲೆಗಳಲ್ಲಿ ಕಲಿಸುವ ಪರೀಕ್ಷೆ ನೋಡಲು ತೀರಾ ಸಾದಾ. ಮಗುವಿಗೆ ಪಾದ ಎತ್ತಲು ಹೇಳಿ ಸ್ನಾಯುರಜ್ಜುವಿನ ಮೇಲೆ ಬೆರಳಿಡುವುದು. ಏನೂ ತಿಳಿಯದಿದ್ದರೆ ಸೊನ್ನೆ. ಸಣ್ಣ ಮಿಡುಕಾಟವಿದ್ದರೆ ಒಂದು. ಪಾದದ ಭಾರವನ್ನು ಮೀರಿ ಎತ್ತಿದರೆ ಮೂರು, ಪೂರ್ಣ ಬಲವಿದ್ದರೆ ಐದು. ಸೊನ್ನೆಗೂ ಒಂದಕ್ಕೂ ನಡುವಿನ ಆ ಮಿಡುಕಾಟಕ್ಕಾಗಿ ತಾಯಂದಿರು ವಾರಗಟ್ಟಲೆ ಕಾಯಬೇಕಿತ್ತು. ಸೊನ್ನೆಯಲ್ಲೇ ನಿಂತರೆ ಉಳಿಯುತ್ತಿದ್ದುದು ಪಾದವನ್ನು ಹಿಡಿದಿಡುವ ಕ್ಯಾಲಿಪರ್, ಇಲ್ಲವೆ ಬದುಕಿರುವ ಬೇರೊಂದು ಸ್ನಾಯುವಿನ ರಜ್ಜುವನ್ನು ಬಿಡಿಸಿ ಪಾದದ ಮೇಲ್ಭಾಗಕ್ಕೆ ಹೊಲಿಯುವ ಶಸ್ತ್ರಚಿಕಿತ್ಸೆ.

ಇದೇ ಸ್ನಾಯುವನ್ನು ಕುಷ್ಠರೋಗ ಬೇರೆ ದಾರಿಯಿಂದ ಹಿಡಿಯುತ್ತದೆ. ಮಂಡಿಯ ಹೊರಬದಿಯಲ್ಲಿ, ಸಣ್ಣ ಎಲುಬಿನ ಕತ್ತನ್ನು ಸುತ್ತಿ ಬರುವ ನರ ಊದಿಕೊಂಡು ಸಾಯುತ್ತದೆ, ಪಾದ ಜೋಲುತ್ತದೆ. ಮುಂಬಯಿಯ ಜೆಜೆ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ನೋಶಿರ್ ಆಂಟಿಯಾ, ಯಾರೂ ಮುಟ್ಟಲು ಒಪ್ಪದಿದ್ದ ಈ ರೋಗಿಗಳ ಅಂಗಗಳನ್ನು ಸರಿಪಡಿಸುವ ಕೆಲಸಕ್ಕೆ ಕೈ ಹಾಕಿದರು. ರಜ್ಜು ಬದಲಿಸುವುದಕ್ಕಿಂತ ರೋಗಿಯನ್ನು ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ ಸೇರಿಸಿಕೊಳ್ಳುವುದೇ ಆಗ ಕಷ್ಟದ ಭಾಗವಾಗಿದ್ದಿರಬೇಕು.

ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಜೋತುಬಿದ್ದ ಪಾದಗಳೇನೂ ಇಲ್ಲವಾಗಿಲ್ಲ. ಪಾರ್ಶ್ವವಾಯು ಬಡಿದವರು, ಸಕ್ಕರೆ ಕಾಯಿಲೆಯಿಂದ ನರ ಕಳೆದುಕೊಂಡವರು, ಸೊಂಟದ ಡಿಸ್ಕ್ ಜಾರಿದವರು ಬರುತ್ತಲೇ ಇರುತ್ತಾರೆ. ಕಬ್ಬಿಣದ ಕ್ಯಾಲಿಪರ್ ಬದಲು ಶೂ ಒಳಗೆ ಕೂರುವ ತೆಳು ಪ್ಲಾಸ್ಟಿಕ್ ಪಟ್ಟಿ ಬಂದಿದೆ. ಪರೀಕ್ಷೆ ಮಾತ್ರ ಹಳೆಯದೇ: ರಜ್ಜುವಿನ ಮೇಲೆ ಬೆರಳಿಟ್ಟು, ಪಾದ ಎತ್ತಿ ಎನ್ನುವುದು.