ಡಾಮರು ಮುಗಿದಲ್ಲಿಂದ ಮನೆಯಂಗಳದವರೆಗೆ: ಫೋರ್ ವೀಲ್ ನಡೆದುಬಂದ ದಾರಿ

ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುವುದು ಜಾಲ್ಸೂರಿನಲ್ಲಿ. ಡಾಮರಿನ ಮೇಲೆ ಯಾವ ಕಾರಾದರೂ ಓಡೀತು. ಹೆದ್ದಾರಿ ಬಿಟ್ಟು ಅಡಿಕೆ ತೋಟದ ನಡುವಿನ ಮನೆಗೆ ಇಳಿಯುವ ಮಣ್ಣಿನ ದಾರಿಯ ಮಾತೇ ಬೇರೆ. ಮಳೆಗಾಲದಲ್ಲಿ ಆ ಕೆಂಪು ಮಣ್ಣಿನ ಏರಿನಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆ. ಸುಳ್ಯ ಸೀಮೆಯ ಮನೆಗಳು ಯಾವ ವಾಹನ ಕೊಳ್ಳಬೇಕೆಂಬುದನ್ನು ಬಹುಕಾಲ ನಿರ್ಧರಿಸಿದ್ದು ಈ ತುಂಡು ದಾರಿಯೇ.

ಇದಕ್ಕೆ ಸಿಕ್ಕ ಮೊದಲ ಉತ್ತರ ಜೀಪು. ಎರಡನೇ ಮಹಾಯುದ್ಧಕ್ಕಾಗಿ ಹುಟ್ಟಿದ ವಿಲ್ಲಿಸ್ ಜೀಪನ್ನು 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಭಾರತದಲ್ಲಿ ಜೋಡಿಸತೊಡಗಿತು. ಮಾಮೂಲಿ ದಾರಿಯಲ್ಲಿ ಅದು ಹಿಂದಿನ ಎರಡು ಚಕ್ರಗಳ ಬಲದಿಂದ ಓಡುತ್ತದೆ. ಗೇರಿನ ಪಕ್ಕದ ಸಣ್ಣ ಲಿವರ್ ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುತ್ತದೆ, ಇದೇ ಫೋರ್ ವೀಲ್; ಇನ್ನೊಂದು ಲಿವರ್ ಕಡಿದಾದ ಏರಿಗೆ ಬೇಕಾದ ನಿಧಾನದ ಗೇರು ಕೊಡುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಈ ಅಂತರವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಎಂಬ ಗೇರು ಜೋಡಣೆ ಇವೆರಡರ ನಡುವೆ ಇಲ್ಲದ್ದರಿಂದ ಯಂತ್ರ ಬಿಗಿದುಕೊಳ್ಳುತ್ತದೆ. ಕೆಸರಿನಲ್ಲಿ ಟಯರು ಒಂದಿಷ್ಟು ಜಾರಿ ಬಿಗಿತ ಸಡಿಲುತ್ತದೆ. ಒಣ ಡಾಮರಿನಲ್ಲಿ ಟಯರೂ ಗೇರೂ ಸವೆಯುತ್ತವೆ. ಹಾಗಾಗಿ ಬೇಕಾದಾಗ ಹಾಕಿ, ರಸ್ತೆ ಸಿಕ್ಕೊಡನೆ ತೆಗೆಯುವುದೇ ಕ್ರಮ. ಎಲ್ಲ ಜೀಪುಗಳಿಗೂ ಈ ಸೌಕರ್ಯವಿರಲಿಲ್ಲ. ಎರಡು ಚಕ್ರದ ಚಾಲನೆಯವೂ ಬಹಳ ಮಾರಾಟವಾದವು. ಅಡಿಕೆ ಗೋಣಿ ಹೊರುವ, ಊರವರನ್ನು ಪೇಟೆಗೆ ಸಾಗಿಸುವ, ಮದುವೆಗೆ ಮನೆಮಂದಿಯನ್ನು ಒಯ್ಯುವ ಕೆಲಸವೆಲ್ಲ ಜೀಪಿನದಾಯಿತು.

ಬೇಕಾದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಇದೇ ಉಪಾಯವನ್ನು ಸಾಮಾನ್ಯ ಕಾರಿಗೆ ತಂದವರು ಹಿಮದ ನಾಡಿನವರು. ಜಪಾನಿನ ತೊಹೊಕು ವಿದ್ಯುತ್ ಕಂಪನಿಗೆ ಚಳಿಗಾಲದಲ್ಲೂ ಓಡುವ, ಜೀಪಿಗಿಂತ ಹಿತವಾದ ವಾಹನ ಬೇಕಿತ್ತು. ಆ ಪ್ರಯತ್ನದ ಫಲವಾಗಿ 1972ರಲ್ಲಿ ಸುಬಾರು ಲಿಯೋನ್ ಕಾರಿನ ಫೋರ್ ವೀಲ್ ಮಾದರಿ ಬಂತು. 1982ರಲ್ಲಿ ಟೊಯೊಟಾ ಟರ್ಸೆಲ್, 1983ರಲ್ಲಿ ಇಟಲಿಯ ಪುಟ್ಟ ಫಿಯೆಟ್ ಪಾಂಡಾ ಅದೇ ಹಾದಿ ಹಿಡಿದವು. ಇವೆಲ್ಲ ದಿನನಿತ್ಯ ಮುಂದಿನ ಚಕ್ರಗಳಿಂದ ಓಡಿ, ಅಗತ್ಯ ಬಿದ್ದಾಗ ಹಿಂದಿನವನ್ನೂ ಸೇರಿಸಿಕೊಳ್ಳುವ ಸಂಸಾರಸ್ಥರ ಕಾರುಗಳು.

ನಮ್ಮಲ್ಲಿ ಆ ಹೆಜ್ಜೆ ಬೀಳಲಿಲ್ಲ. 1983ರ ಮಾರುತಿ 800ಕ್ಕೆ ಮೂಲವಾದ ಸುಜುಕಿ ಆಲ್ಟೊಗೆ ಜಪಾನಿನಲ್ಲಿ ಫೋರ್ ವೀಲ್ ಮಾದರಿಯಿತ್ತು. ಇಲ್ಲಿ ಸಿಕ್ಕಿದ್ದು ಎರಡು ಚಕ್ರದ್ದು ಮಾತ್ರ. 1985ರ ಮಾರುತಿ ಜಿಪ್ಸಿ ಜೀಪಿಗಿಂತ ಹಗುರ, ಆದರೆ ಪೆಟ್ರೋಲಿನದು. 1991ರ ಟಾಟಾ ಸಿಯೆರಾದಲ್ಲಿ ಫೋರ್ ವೀಲ್ ದೊರೆತರೂ ಸಾಮಾನ್ಯ ಕೃಷಿಕರಿಗೆ ಅದು ದೂರದ ಮಾತು. ಅಗ್ಗದ ಸಣ್ಣ ಕಾರಿಗೂ ಜೀಪಿಗೂ ನಡುವಿನ ಜಾಗ ಖಾಲಿಯೇ ಉಳಿಯಿತು.

ಮುಂದೆ ಹೊರದೇಶಗಳಲ್ಲಿ, ಚಕ್ರ ಜಾರಿದೊಡನೆ ತಾನಾಗಿ ಬಲ ಹಂಚುವ ವ್ಯವಸ್ಥೆ ಬಂದು ಕಾರುಗಳಿಂದ ಲಿವರ್ ಮರೆಯಾಯಿತು. ಇಲ್ಲಿ ಫೋರ್ ವೀಲಿನ ಅಗತ್ಯವನ್ನೇ ತಗ್ಗಿಸಿದ್ದು ಕಾಂಕ್ರೀಟು. ಏರುದಾರಿಗಳು ಗಟ್ಟಿಯಾದಂತೆ ಅಂಗಳಗಳಿಗೆ ಸಣ್ಣ ಕಾರು ಬಂತು. ಕೈಯಾರೆ ಹಾಕುವ ಫೋರ್ ವೀಲ್ ಈಗ ಥಾರ್, 2023ರಲ್ಲಿ ಭಾರತಕ್ಕೆ ಬಂದ ಜಿಮ್ನಿಯಂಥವುಗಳಲ್ಲಿದೆ. ಅವುಗಳ ಜಾಹೀರಾತು ಸಾಹಸ, ವಿಹಾರಗಳದು.

ಆದರೂ ಸುಳ್ಯ ಸೀಮೆಯ ಮಡಪ್ಪಾಡಿ, ಕೊಲ್ಲಮೊಗ್ರುಗಳ ಕಡೆ ಬೆಟ್ಟದ ಬುಡದ ಮನೆಗಳಿಗೆ ಮಳೆಗಾಲವೆಂದರೆ ಸಾಹಸವಲ್ಲ, ಬದುಕು. ರೋಗಿಯನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ ತಲುಪಿಸಲೇಬೇಕು. ಅಂಥ ಮನೆಗೆ ಎಟಕುವ ಬೆಲೆಯಲ್ಲಿ ಫೋರ್ ವೀಲಿನ ಸಣ್ಣ ಕಾರು ತಯಾರಾಗಲಿ, ಇಲ್ಲವೇ ಆ ಮನೆಯವರೆಗೂ ಗಟ್ಟಿ ರಸ್ತೆ ಹೋಗಲಿ. ಎರಡರಲ್ಲಿ ಒಂದನ್ನು ಕೇಳುವ ಹಕ್ಕು ಅವರಿಗಿದೆ.