ಚ್ಯವನಪ್ರಾಶ: ಒಂದು ಹೆಸರು, ಹಲವು ಲೇಹ್ಯ

2025ರ ಜುಲೈನಲ್ಲಿ ದೆಹಲಿ ಹೈಕೋರ್ಟು ಪತಂಜಲಿ ಸಂಸ್ಥೆಯ ಒಂದು ಜಾಹೀರಾತಿಗೆ ಮಧ್ಯಂತರ ತಡೆ ನೀಡಿತು. ದಾವೆ ಹೂಡಿದ್ದು ಡಾಬರ್. ಉಳಿದವರ ಚ್ಯವನಪ್ರಾಶ 'ಸಾಧಾರಣ'ದ್ದು, ಅದರಲ್ಲಿ 40 ಮೂಲಿಕೆಗಳಷ್ಟೇ ಇವೆ ಎಂಬ ಧಾಟಿ ಆ ಜಾಹೀರಾತಿನದು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಆದೇಶವನ್ನು ಸಡಿಲಿಸಿತು: 40ರ ಲೆಕ್ಕ ಬೇಡ, 'ಸಾಧಾರಣ' ಎನ್ನಲು ಅಡ್ಡಿಯಿಲ್ಲ. ವ್ಯಾಪಾರಿಗಳ ಜಗಳವೆಂದು ಇದನ್ನು ಪಕ್ಕಕ್ಕಿಡಬಹುದಿತ್ತು. ಆದರೆ ಇದರ ಅಡಿಯಲ್ಲಿ ಸಂಶೋಧಕರು ಎತ್ತಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಸರಿಸಿದ ಗ್ರಂಥಗಳ ಸೂತ್ರದಂತೆ ತಯಾರಾದದ್ದೆಲ್ಲ ಶಾಸ್ತ್ರೀಯ ಔಷಧ. ಕಾನೂನಿನ ಕಣ್ಣಿಗೆ ಆ ಬಗೆಯ ಚ್ಯವನಪ್ರಾಶವೆಲ್ಲ ಒಂದೇ. ಅಂಗಡಿಯ ಡಬ್ಬಿಗಳು, ಪ್ರಯೋಗಾಲಯಕ್ಕೆ ಹೋದ ಮಾದರಿಗಳು ಮತ್ತು ಚರಕಸಂಹಿತೆ ವಿವರಿಸುವ ಲೇಹ್ಯ ನಿಜಕ್ಕೂ ಒಂದೇ ವಸ್ತುವೇ? ಅಲ್ಲ ಎಂಬುದು ಈ ಲೇಖನದ ವಾದ. ಒಂದರ ಮೇಲೆ ಸಿಕ್ಕ ಪುರಾವೆಯನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವ ಅಭ್ಯಾಸದಿಂದಲೇ ಚ್ಯವನಪ್ರಾಶದ ಆರೋಗ್ಯವಿಜ್ಞಾನ ಇನ್ನೂ ಮಸುಕಾಗಿ ಉಳಿದಿದೆ.

ಮೊದಲು ಗ್ರಂಥ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯ ರಸಾಯನದ್ದು. ಅದರ ಮೊದಲ ಪಾದದಲ್ಲಿ ಈ ಲೇಹ್ಯ ಬರುತ್ತದೆ. ಬಿಲ್ವ, ಅಗ್ನಿಮಂಥ, ಶ್ಯೋನಾಕ ಮೊದಲಾದ ದಶಮೂಲಗಳು, ಹಿಪ್ಪಲಿ, ದ್ರಾಕ್ಷಿ, ಅಮೃತಬಳ್ಳಿ, ಪುನರ್ನವ, ಅಗರು ಇತ್ಯಾದಿ ಒಂದೊಂದು ಪಲ. ಇವುಗಳೊಡನೆ 500 ನೆಲ್ಲಿಕಾಯಿ ಬೇಯಿಸಿ, ಬೀಜ ತೆಗೆದು, ತಿರುಳನ್ನು ತುಪ್ಪ ಮತ್ತು ಎಣ್ಣೆಯಲ್ಲಿ ಹುರಿದು, ಕಷಾಯಕ್ಕೆ ಅರ್ಧ ತುಲಾ ಅಂದರೆ 50 ಪಲ ಮತ್ಸ್ಯಂಡಿಕಾ ಸಕ್ಕರೆ ಸೇರಿಸಿ ಪಾಕ ಮಾಡಬೇಕು. ತಣ್ಣಗಾದ ಮೇಲೆ ಆರು ಪಲ ಜೇನು. ಯಾರಿಗೆ? ಕೆಮ್ಮು, ಉಬ್ಬಸದವರಿಗೆ, ಎದೆಗೆ ಪೆಟ್ಟಾಗಿ ಸೊರಗಿದವರಿಗೆ, ಮುದುಕರಿಗೆ, ಮಕ್ಕಳಿಗೆ, ದನಿ ಕುಗ್ಗಿದವರಿಗೆ. ಎಷ್ಟು? ಊಟದ ಹಸಿವನ್ನು ಕೆಡಿಸದಷ್ಟು. ಈ ಮಾತ್ರಾ ನಿಯಮ ನನಗೆ ಇಡೀ ಸೂತ್ರದ ಅತ್ಯಂತ ಚುರುಕಾದ ಭಾಗವಾಗಿ ಕಾಣುತ್ತದೆ. ಅಳತೆಗೋಲು ಚಮಚವಲ್ಲ, ತಿನ್ನುವವನ ಜಠರಾಗ್ನಿ. ರಸಾಯನ ಪ್ರಯೋಗಕ್ಕೆ ಮೊದಲು ದೇಹಶೋಧನೆಯನ್ನೂ ಗ್ರಂಥ ಬಯಸುತ್ತದೆ.

ಹೆಸರಿನ ಹಿಂದಿನ ಪೌರಾಣಿಕ ಕತೆಯ ಬಗ್ಗೆ ಒಂದು ಮಾತು. ಶತಪಥ ಬ್ರಾಹ್ಮಣದಲ್ಲಿಯೂ ಮಹಾಭಾರತದ ವನಪರ್ವದಲ್ಲಿಯೂ ಮುದಿ ಋಷಿ ಚ್ಯವನ ಯೌವನ ಪಡೆಯುವುದು ಅಶ್ವಿನೀದೇವತೆಗಳ ಮಾತಿನಂತೆ ನೀರಿಗಿಳಿದು. ಅಲ್ಲಿ ಲೇಹ್ಯದ ಸುಳಿವಿಲ್ಲ. ಕತೆಯನ್ನು ಲೇಹ್ಯಕ್ಕೆ ಜೋಡಿಸಿದ್ದು ವೈದ್ಯಗ್ರಂಥ. ಜಾಹೀರಾತಿನ ಋಷಿಗಿಂತ ಬಹಳ ಹಿಂದೆಯೇ ಹೀಗೆ ಹೆಸರನ್ನು ಎರವಲು ತರುವ ಕೆಲಸ ಶುರುವಾಗಿತ್ತು.

ಇನ್ನು ವಸ್ತು. ಗ್ರಂಥ ನೆಲ್ಲಿಯನ್ನು ಎಣಿಸುತ್ತದೆ, ತೂಗುವುದಿಲ್ಲ. ಕಾಡುನೆಲ್ಲಿ ಹತ್ತು ಗ್ರಾಮಿನ ಆಸುಪಾಸಿನದೆಂದು ಹಿಡಿದರೆ 500ಕ್ಕೆ ಐದು ಕಿಲೋ. ಇಂದಿನ ಕಸಿತಳಿ, ಉದಾಹರಣೆಗೆ ಉತ್ತರ ಪ್ರದೇಶದ ಕುಮಾರಗಂಜಿನ ಕೃಷಿ ವಿಶ್ವವಿದ್ಯಾಲಯ ಆಯ್ದು ಕೊಟ್ಟ ಎನ್‌ಎ-7, ಸುಮಾರು 40 ಗ್ರಾಂ ತೂಗುತ್ತದೆ. ಅದೇ ಎಣಿಕೆಗೆ ಇಪ್ಪತ್ತು ಕಿಲೋ. ಪಲಕ್ಕೆ 48 ಗ್ರಾಮಿನಂತೆ ಸಕ್ಕರೆ 2.4 ಕಿಲೋ. ಸೂತ್ರವನ್ನು ಅಕ್ಷರಶಃ ಪಾಲಿಸಿದರೂ ಹಣ್ಣು–ಸಕ್ಕರೆಯ ಅನುಪಾತ ಒಂದು ಕಡೆ ಎರಡಕ್ಕೊಂದು, ಇನ್ನೊಂದು ಕಡೆ ಎಂಟಕ್ಕೊಂದು. ಹಣ್ಣಿಗೆ ಹೋಲಿಸಿದರೆ ಮೂಲಿಕೆಗಳ ಪಾಲೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ತಯಾರಕನು ಇದನ್ನು ಹೇಗೆ ಸರಿದೂಗಿಸುತ್ತಾನೆ ಎಂಬುದು ಅವನ ಪಾಕಶಾಲೆಯ ಗುಟ್ಟು.

ಹಣ್ಣಿನ ಗುರುತೂ ಅಷ್ಟು ಸರಳವಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಂಗ್ರಹಿಸುತ್ತ ಬಂದ ನೆಲ್ಲಿಯಲ್ಲಿ ಎರಡು ಪ್ರಭೇದಗಳಿವೆ: ಫಿಲ್ಲಾಂಥಸ್ ಎಂಬ್ಲಿಕಾ ಮತ್ತು ದಕ್ಷಿಣದ ಒಣಕಾಡುಗಳಿಗೆ ಸೀಮಿತವಾದ ಫಿಲ್ಲಾಂಥಸ್ ಇಂಡೋಫಿಶೆರಿ. ಔಷಧಕೋಶ ಹೇಳುವುದು ಮೊದಲನೆಯದನ್ನು ಮಾತ್ರ. ಅಲ್ಲಿನ ಸಂಗ್ರಹ, ಮರದ ಮೇಲೆ ಬೆಳೆಯುವ ಬದನಿಕೆ, ಹಣ್ಣಿನ ಇಳುವರಿ ಕುರಿತು 1990ರ ದಶಕದಿಂದ ಕೆ.ಎಸ್. ಬಾವಾ, ಆರ್. ಉಮಾಶಂಕರ್, ಕೆ.ಎನ್. ಗಣೇಶಯ್ಯ ಮೊದಲಾದವರು ಗಂಭೀರವಾಗಿ ಕೆಲಸ ಮಾಡಿದ್ದಾರೆ. 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ತರುವಾಯ ಅಲ್ಲಿ ಮಾರಾಟದ ಸಂಗ್ರಹಕ್ಕೆ ತಡೆ ಬಿತ್ತು; 2011ರಲ್ಲಿ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಬಂತು.

ನೆಲ್ಲಿಗಿಂತ ತೊಡಕಿನದು ಸೂತ್ರದಲ್ಲೇ ಬರುವ ಅಷ್ಟವರ್ಗ. ಜೀವಕ, ಋಷಭಕ, ಮೇದಾ, ಕಾಕೋಲಿ, ಋದ್ಧಿ ಮುಂತಾದವು ಹಿಮಾಲಯದ ಎತ್ತರದಲ್ಲಿ ಬೆಳೆಯುವ ಗಿಡಗಳು, ಕೆಲವು ಸೀತಾಳೆಗಳು. ಸೀತಾಳೆ ಕುಟುಂಬವಿಡೀ ಇಂದು ಸೈಟಿಸ್ ಒಪ್ಪಂದದ ನಿರ್ಬಂಧದೊಳಗಿದೆ. ಆದರೆ ಕೊರತೆ ಹೊಸದಲ್ಲ. 16ನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶವೇ ಬದಲಿ ಸೂಚಿಸಿತ್ತು: ಮೇದಾ ಜೋಡಿಗೆ ಶತಾವರಿ, ಜೀವಕ–ಋಷಭಕಗಳಿಗೆ ವಿದಾರಿ, ಕಾಕೋಲಿ ಜೋಡಿಗೆ ಅಶ್ವಗಂಧ, ಋದ್ಧಿ–ವೃದ್ಧಿಗಳಿಗೆ ವಾರಾಹಿ. ಗೆಡ್ಡೆಯೊಂದರ ಜಾಗಕ್ಕೆ ಬೇರೆಯೇ ಕುಟುಂಬದ ಬೇರು ಬಂದಾಗ ರಾಸಾಯನಿಕವಾಗಿ ಅದು ಬೇರೆ ಮದ್ದು. ಪರಂಪರೆ ಇದನ್ನು ಒಪ್ಪಿಕೊಂಡಿದೆ, ಒಪ್ಪಲಿ. ಆದರೆ 'ಅಸಲಿ'ಯ ಹಕ್ಕು ಸಾಧಿಸಲು ಹೊರಟವರು ಭಾವಮಿಶ್ರನನ್ನು ಒಮ್ಮೆ ತಿರುವಿಹಾಕುವುದು ಒಳ್ಳೆಯದು.

ಮಾರುಕಟ್ಟೆಯ ಚರಿತ್ರೆ ಚಿಕ್ಕದು. 1884ರಲ್ಲಿ ಕೋಲ್ಕತ್ತಾದಲ್ಲಿ ಹುಟ್ಟಿದ ಡಾಬರ್ 1949ರಲ್ಲಿ ಚ್ಯವನಪ್ರಾಶವನ್ನು ಬ್ರಾಂಡಿನ ಡಬ್ಬಿಗೆ ತುಂಬಿತು. ಬೈದ್ಯನಾಥ್, ಝಂಡು, ಇಮಾಮಿ, ಈಚೆಗೆ ಪತಂಜಲಿ ಜೊತೆಗೂಡಿದವು. ವೈದ್ಯ ರೋಗಿಯನ್ನು ನೋಡಿ ಕೊಡುತ್ತಿದ್ದ ಲೇಹ್ಯ ಚಳಿಗಾಲದ ಮನೆಸಾಮಾನಾಯಿತು. ಚಳಿ ತಡವಾದ ವರ್ಷ ಕಂಪನಿಗಳು ಮಾರಾಟ ಇಳಿದುದಕ್ಕೆ ಹವೆಯನ್ನೇ ದೂರುತ್ತವೆ. ನಮ್ಮ ಕಡೆ ಬಾಣಂತಿ ಲೇಹ್ಯಕ್ಕಿದ್ದ ಮನೆಮಾನ್ಯತೆ ಇದಕ್ಕೆ ಇರಲಿಲ್ಲ. ಉತ್ತರದ ಚಳಿಯ ಪದಾರ್ಥ ಟಿವಿಯ ದಾರಿಯಿಂದ ಬಂತು. 2020ರ ಮಾರ್ಚ್ 31ರಂದು ಆಯುಷ್ ಸಚಿವಾಲಯ ಬೆಳಗ್ಗೆ 10 ಗ್ರಾಂ ತಿನ್ನಿರಿ, ಮಧುಮೇಹಿಗಳು ಸಕ್ಕರೆರಹಿತವಾದುದನ್ನು ತಿನ್ನಿರಿ ಎಂದು ಸಲಹೆ ಹೊರಡಿಸಿದಾಗ ಋತುವಿನ ಕಟ್ಟೂ ಕಳಚಿತು. ಆ ಸಲಹೆಯ ಎರಡನೆಯ ಅರ್ಧವನ್ನು ಗಮನಿಸಬೇಕು. ಸಕ್ಕರೆ ಇಲ್ಲಿ ಬರಿಯ ಸಿಹಿಯಲ್ಲ. ಪಾಕದ ಎಳೆ, ಕೆಡದಂತೆ ಕಾಯುವ ಮಾಧ್ಯಮ, ಸೂತ್ರದ ಘಟಕ. ಅದನ್ನು ತೆಗೆದ ಮೇಲೆ ಉಳಿಯುವುದು ಮತ್ತೊಂದು ವಸ್ತು, ಹೆಸರು ಮಾತ್ರ ಹಳೆಯದು. ಸಕ್ಕರೆ ಇರುವ ಡಬ್ಬಿಯ ಲೆಕ್ಕವೂ ಹಗುರವಲ್ಲ. ಅರ್ಧದಷ್ಟು ಸಕ್ಕರೆಯೆಂದು ಹಿಡಿದರೂ ದಿನಕ್ಕೆ ಎರಡು ಬಾರಿ 12 ಗ್ರಾಮಿನಂತೆ ತಿಂದವನಿಗೆ 12 ಗ್ರಾಂ ಸಕ್ಕರೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇಳಿಸಿದರೆ ಉತ್ತಮ ಎಂದ ಮಿತಿ ದಿನಕ್ಕೆ ಸುಮಾರು 25 ಗ್ರಾಂ.

ಚ್ಯವನಪ್ರಾಶದ ಬಲ ನೆಲ್ಲಿಯ ಸಿ ಜೀವಸತ್ವದಲ್ಲಿದೆ ಎಂಬುದು ಬಲು ಜನಪ್ರಿಯ ನಂಬಿಕೆ. ನೆಲ್ಲಿಯ ಸಿ ಜೀವಸತ್ವದ ಅಂಕಿಯೇ ಪಟ್ಟಿಯಿಂದ ಪಟ್ಟಿಗೆ ಬದಲಾಗುತ್ತದೆ: ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಮಿಗೆ 600 ಮಿಲಿಗ್ರಾಂ, 2017ರದರಲ್ಲಿ ಸುಮಾರು 250. ಬೆಂಗಳೂರಿನ ಸಾಮಿ ಲ್ಯಾಬ್ಸ್ ಬಳಗದ ವಿಜ್ಞಾನಿಗಳು 2009ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟರು: ನೆಲ್ಲಿಯಲ್ಲಿರುವ ಮ್ಯೂಸಿಕ್ ಆಮ್ಲದ ಗ್ಯಾಲೇಟುಗಳು ವಿಶ್ಲೇಷಣೆಯಲ್ಲಿ ಆಸ್ಕಾರ್ಬಿಕ್ ಆಮ್ಲದ ಜೊತೆಯಲ್ಲೇ ಹೊರಬಿದ್ದು ಅಂಕಿಯನ್ನು ಉಬ್ಬಿಸುತ್ತವೆ. ಗಂಟೆಗಟ್ಟಲೆ ಕುದಿಸಿ ಹುರಿದ ಮೇಲೆ ಉಳಿಯುವುದು ಇನ್ನೂ ಕಡಿಮೆ. ದೆಹಲಿಯ ಏಮ್ಸ್‌ನಿಂದ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚ್ಯವನಪ್ರಾಶದ ಸಿ ಜೀವಸತ್ವ 100 ಗ್ರಾಮಿಗೆ 34 ಮಿಲಿಗ್ರಾಂ. ಅದೇ ಅಧ್ಯಯನ ಆರೋಗ್ಯವಂತ ಯುವಕರಲ್ಲಿ ಎಂಟು ವಾರ ದಿನಕ್ಕೆ 15 ಗ್ರಾಂ ಚ್ಯವನಪ್ರಾಶವನ್ನು 500 ಮಿಲಿಗ್ರಾಂ ಸಿ ಜೀವಸತ್ವದೊಡನೆ ಹೋಲಿಸಿತು. ಸಕ್ಕರೆ ತುಂಬಿದ ಲೇಹ್ಯ ಗ್ಲೂಕೋಸ್ ಸಹಿಷ್ಣುತೆ ಮತ್ತು ಕೊಲೆಸ್ಟರಾಲ್ ಎರಡರಲ್ಲೂ ಸಿ ಜೀವಸತ್ವಕ್ಕಿಂತ ಮೇಲೆನಿಸಿತು. ಲೇಹ್ಯದಿಂದ ಅವರಿಗೆ ದೊರೆತ ಸಿ ಜೀವಸತ್ವ ದಿನಕ್ಕೆ ಐದೇ ಮಿಲಿಗ್ರಾಂ. ಪರಿಣಾಮ ನಿಜವಾಗಿದ್ದರೆ ಕಾರಣ ಟ್ಯಾನಿನ್ನುಗಳಲ್ಲೋ ಬೇರೆ ಮೂಲಿಕೆಗಳಲ್ಲೋ ಇರಬೇಕು. ಇದ್ದವರು ಗುಂಪಿಗೆ ಐವರಂತೆ ಹತ್ತೇ ಜನ. ಕುತೂಹಲ ಕೆರಳಿಸಲು ಸಾಕು, ತೀರ್ಮಾನಕ್ಕೆ ಸಾಲದು.

ಮಕ್ಕಳ ಮೇಲೆ 2017ರಲ್ಲಿ ವರದಿಯಾದ ಬಹುಕೇಂದ್ರ ಪ್ರಯೋಗ ದೊಡ್ಡದು. 5ರಿಂದ 12 ವರ್ಷದವರಿಗೆ ಆರು ತಿಂಗಳು ಲೇಹ್ಯ ಮತ್ತು ಹಾಲು. ಇನ್ನೊಂದು ಗುಂಪಿಗೆ ಹಾಲು ಮಾತ್ರ. ಲೇಹ್ಯ ತಿಂದವರಲ್ಲಿ ಕಾಯಿಲೆ ಕಡಿಮೆ ಎಂದು ಫಲಿತಾಂಶ. ಆದರೆ ಯಾರು ಏನು ತಿನ್ನುತ್ತಿದ್ದಾರೆಂಬುದು ಮಗುವಿಗೂ ತಾಯಿಗೂ ವೈದ್ಯರಿಗೂ ತಿಳಿದಿತ್ತು. ನೆಗಡಿಯ ದಿನಗಳನ್ನು ತಾಯಿಯ ಮಾತಿನಿಂದ ಲೆಕ್ಕ ಹಾಕುವಾಗ ಈ ತಿಳಿವಳಿಕೆ ಸಣ್ಣ ದೋಷವಲ್ಲ.

ನನಗೆ ಹೆಚ್ಚು ವಿಚಿತ್ರವಾಗಿ ಕಾಣುವುದು ಬೇರೆ. ಚರಕ ಮುಂದಿಟ್ಟುಕೊಂಡ ವ್ಯಕ್ತಿ ಕೆಮ್ಮಿ ಸೊರಗಿದವನು. ಪ್ರಯೋಗಗಳು ಆರಿಸಿಕೊಂಡದ್ದು ಹೆಚ್ಚಾಗಿ ಆರೋಗ್ಯವಂತರನ್ನು, ಏಕೆಂದರೆ ಡಬ್ಬಿ ಕೊಳ್ಳುವವರು ಅವರು. ಕೋಲ್ಕತ್ತಾದ ಸಂಶೋಧಕರು 2012ರಲ್ಲಿ ಕ್ಷಯರೋಗಿಗಳಿಗೆ ಮಾಮೂಲು ಔಷಧಗಳ ಜೊತೆ ಚ್ಯವನಪ್ರಾಶ ಕೊಟ್ಟು ನೋಡಿದ್ದು ಗ್ರಂಥಕ್ಕೆ ಹತ್ತಿರದ ಪ್ರಶ್ನೆ. ಆದರೆ ಜೊತೆಗೆ ಅಶ್ವಗಂಧವನ್ನೂ ಕೊಟ್ಟಿದ್ದರಿಂದ ಫಲ ಯಾವುದರದೆಂದು ಬೇರ್ಪಡಿಸಲಾಗದು. ಮುಂದಿನ ಪ್ರಯೋಗ ಇಂಥ ರೋಗಿಗಳಲ್ಲೇ ನಡೆಯಲಿ. ಬಳಸಿದ ನೆಲ್ಲಿಯ ಪ್ರಭೇದ ಮತ್ತು ತೂಕ, ಅಷ್ಟವರ್ಗಕ್ಕೆ ಹಾಕಿದ ಬದಲಿ, ಗುರುತಿನ ರಾಸಾಯನಿಕಗಳಾದ ಗ್ಯಾಲಿಕ್ ಆಮ್ಲ ಮತ್ತು ಪೈಪರಿನ್ ಪ್ರಮಾಣ ವರದಿಯಲ್ಲಿ ಅಚ್ಚಾಗಲಿ. ಹೋಲಿಕೆಯ ಗುಂಪಿಗೆ ಬರಿಯ ಹಾಲಿನ ಬದಲು ಅದೇ ಬಣ್ಣ, ಅದೇ ಸಿಹಿಯ ನೆಲ್ಲಿ–ಸಕ್ಕರೆ–ತುಪ್ಪದ ಪಾಕ ಕೊಟ್ಟರೆ, ಉಳಿದ ಮೂವತ್ತು ನಲವತ್ತು ಮೂಲಿಕೆಗಳಿಗೆ ಪಾಲು ಇದೆಯೋ ಇಲ್ಲವೋ ಎಂಬುದು ಮೊದಲ ಬಾರಿಗೆ ಅಳೆಯಬಲ್ಲ ಪ್ರಶ್ನೆಯಾಗುತ್ತದೆ.