ತರಗತಿಗೊಂದು ಭಾಷೆ, ವಾರ್ಡಿಗೊಂದು ಭಾಷೆ

ವೈದ್ಯಕೀಯ ಓದಲು ಉಕ್ರೇನಿಗೋ ರಷ್ಯಾಕ್ಕೋ ಹೋದ ಹುಡುಗರು ಮೊದಲ ದಿನಗಳಲ್ಲಿ ಅಂಗಡಿ ಬೀದಿಯ ಫಲಕವೊಂದನ್ನು 'ಪೆಕ್ಟೋಪಾ' ಎಂದು ಓದಿ ತಬ್ಬಿಬ್ಬಾಗುವುದುಂಟು. ಅದು ಬೇರೇನೂ ಅಲ್ಲ, 'ರೆಸ್ಟೊರಾನ್', ಅಂದರೆ ಹೋಟೆಲು. ಅಲ್ಲಿನ ಸಿರಿಲಿಕ್ ಲಿಪಿಯಲ್ಲಿ ಇಂಗ್ಲಿಷಿನ 'ಪಿ'ಯಂತೆ ಕಾಣುವ ಅಕ್ಷರದ ಉಚ್ಚಾರ 'ರ'. 'ಸಿ'ಯಂತಿರುವುದು 'ಸ', 'ಎಚ್'ನಂತಿರುವುದು 'ನ'. ಪೂರ್ತಿ ಅಪರಿಚಿತ ಲಿಪಿಯಾದರೆ ಕಲಿತುಕೊಳ್ಳಬಹುದು. ಪರಿಚಿತರಂತೆ ನಟಿಸುವ ಅಕ್ಷರಗಳ ಕಾಟ ಹೆಚ್ಚು.

ಹಾಗೆ ನೋಡಿದರೆ, ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದಂಥ ಊರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಪರಭಾಷೆಯ ಪಾಠ ಶುರುವಾಗುವುದು ವಿದೇಶದಲ್ಲಲ್ಲ, ದಾವಣಗೆರೆಯ ಪಿಯುಸಿ ತರಗತಿಯಲ್ಲೇ. ನಿನ್ನೆಯ 'ದ್ಯುತಿಸಂಶ್ಲೇಷಣೆ' ಇಂದು ಫೋಟೊಸಿಂಥೆಸಿಸ್ ಆಗಿರುತ್ತದೆ. ಗೊತ್ತಿದ್ದ ವಿಷಯವೇ ಗೊತ್ತಿಲ್ಲದಂತಾಗುವ ಆ ಅನುಭವವನ್ನು ದಾಟಿ, ವೈದ್ಯಕೀಯ ಸೀಟು ಸಿಗದೆ, ಖಾಸಗಿ ಕಾಲೇಜಿನ ಶುಲ್ಕವೂ ನಿಲುಕದೆ ಹೊರದೇಶಕ್ಕೆ ಹೊರಡುವವರು ಎರಡನೆಯ ಬಾರಿ ಅದೇ ಹೊಳೆಗೆ ಇಳಿಯುತ್ತಾರೆ.

ಈ ಹೊಳೆಯನ್ನು ದಾಟಿಸಲು ಸೋವಿಯತ್ ಒಕ್ಕೂಟ ಒಂದು ಏರ್ಪಾಡು ಮಾಡಿಕೊಂಡಿತ್ತು. 1960ರಲ್ಲಿ ಮಾಸ್ಕೋದಲ್ಲಿ ಜನಮೈತ್ರಿ ವಿಶ್ವವಿದ್ಯಾಲಯ ಆರಂಭವಾಯಿತು. 1961ರಲ್ಲಿ ಅದಕ್ಕೆ ಕಾಂಗೋದ ನಾಯಕ ಪ್ಯಾಟ್ರಿಸ್ ಲುಮುಂಬಾ ಹೆಸರಿಟ್ಟರು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಿಂದ ಬಂದವರು ನೇರವಾಗಿ ಪದವಿ ತರಗತಿಗೆ ಹೋಗುತ್ತಿರಲಿಲ್ಲ. ಮೊದಲು ಸಿದ್ಧತಾ ವಿಭಾಗದಲ್ಲಿ ರಷ್ಯನ್ ಕಲಿಯಬೇಕು. ಉಪನ್ಯಾಸ ಕೇಳಿ ಟಿಪ್ಪಣಿ ಬರೆದುಕೊಳ್ಳುವಷ್ಟು ಭಾಷೆ ಬಂದ ಮೇಲೆ ಮುಂದಿನ ಮಾತು. ಒಕ್ಕೂಟದ ಬೇರೆ ವಿಶ್ವವಿದ್ಯಾಲಯಗಳಲ್ಲೂ ಇಂಥ ವಿಭಾಗಗಳಿದ್ದವು. ಒಂದು ವರ್ಷ ಹಾಳಾಯಿತೆಂದು ಕೊರಗಿದವರು ಇದ್ದಿರಬಹುದು. ಆದರೆ ಆ ವರ್ಷ ಕಲಿತ ಭಾಷೆ ತರಗತಿಯಲ್ಲೂ ಆಸ್ಪತ್ರೆಯಲ್ಲೂ ಸಂತೆಯಲ್ಲೂ ಒಂದೇ ಆಗಿತ್ತು.

1991ರಲ್ಲಿ ಒಕ್ಕೂಟ ಒಡೆಯಿತು. ಹಣದ ಮುಗ್ಗಟ್ಟಿಗೆ ಸಿಕ್ಕ ವಿಶ್ವವಿದ್ಯಾಲಯಗಳಿಗೆ ಶುಲ್ಕ ಕೊಡುವ ವಿದೇಶಿಯರು ಬೇಕಾದರು. ಇಂಗ್ಲಿಷ್ ಮಾಧ್ಯಮದ ತರಗತಿಗಳು ಬಂದವು. ಭಾಷೆಗೆಂದೇ ಒಂದು ವರ್ಷ ಕಳೆಯಬೇಕಿಲ್ಲ ಎಂಬುದು ದೊಡ್ಡ ಆಕರ್ಷಣೆಯಾಯಿತು. ಕಷ್ಟ ಮಾತ್ರ ತಪ್ಪಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೆ. ಆರು ವರ್ಷದ ಓದಿನಲ್ಲಿ ಮೂರನೆಯ ವರ್ಷದ ಹೊತ್ತಿಗೆ ವಿದ್ಯಾರ್ಥಿಗಳು ರೋಗಿಯ ಹಾಸಿಗೆಯ ಬಳಿ ನಿಲ್ಲಬೇಕು. ರೋಗಿಗೆ ಇಂಗ್ಲಿಷ್ ಬಾರದು.

ಉಕ್ರೇನಿನ ಖಾರ್ಕಿವ್ ನಗರದಲ್ಲಿ ಈ ತೊಡಕಿಗೆ ಇನ್ನೊಂದು ಸುತ್ತು ಇತ್ತು. ಪಾಠ ಇಂಗ್ಲಿಷಿನಲ್ಲಿ. ಅಂಗರಚನೆಯ ಹೆಸರುಗಳು ಲ್ಯಾಟಿನ್‌ನಲ್ಲಿ. ಮೊದಲ ವರ್ಷ ಅದೇ ಒಂದು ವಿಷಯ. ದೇಶದ ಆಡಳಿತ ಭಾಷೆ ಉಕ್ರೇನಿಯನ್. 2019ರ ಕಾನೂನು ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೆ ರಷ್ಯಾದ ಗಡಿಗೆ ಹತ್ತಿರವಿದ್ದ ಆ ನಗರದ ಬೀದಿಯಲ್ಲಿ, ವಾರ್ಡಿನಲ್ಲಿ ಹೆಚ್ಚಾಗಿ ಕೇಳುತ್ತಿದ್ದುದು ರಷ್ಯನ್. ಎಲ್ಲಿ ನೋವು ಎಂದು ಕೇಳಲು ರಷ್ಯನ್ನಿನಲ್ಲಿ 'ಗ್ದೆ ಬಲೀತ್?' ಎನ್ನಬೇಕು. ಪ್ರಶ್ನೆ ಬಾಯಿಪಾಠವಾಗುತ್ತದೆ; ಮುದುಕಿಯೊಬ್ಬಳು ಅದಕ್ಕೆ ಕೊಡುವ ಉದ್ದನೆಯ ಉತ್ತರ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಇದೇ ಖಾರ್ಕಿವ್‌ನಲ್ಲಿ 1805ರಲ್ಲಿ ವಿಶ್ವವಿದ್ಯಾಲಯ ತೆರೆದಾಗ ಪರದೇಶದಿಂದ ಬಂದವರು ವಿದ್ಯಾರ್ಥಿಗಳಲ್ಲ, ಪ್ರಾಧ್ಯಾಪಕರು. ಅವರಲ್ಲಿ ಅನೇಕರು ಜರ್ಮನರು. ಲ್ಯಾಟಿನ್, ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಪಾಠ ಹೇಳುತ್ತಿದ್ದರು. ಊರಿನ ಹುಡುಗರು ತಮ್ಮೂರಿನಲ್ಲೇ ಕುಳಿತು ಪರದೇಶದ ತರಗತಿಯಲ್ಲಿದ್ದರು. ನಮ್ಮ ಪಿಯುಸಿಯವರಿಗೆ ಅವರ ಪಾಡು ಚೆನ್ನಾಗಿ ಅರ್ಥವಾದೀತು.

ದಾವಣಗೆರೆಯ ಆಸ್ಪತ್ರೆಗಳಲ್ಲಿ ಇದೇ ನಾಟಕದ ಪಾತ್ರಗಳು ಅದಲುಬದಲು. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿಗೆ ಹೊರರಾಜ್ಯದವರೂ ಬಂದು ಸೇರುತ್ತಾರೆ. ಚಿಗಟೇರಿ ಆಸ್ಪತ್ರೆಯ ರೋಗಿ 'ಹೊಟ್ಟಿ ನುಲಿತೈತಿ', 'ಕೈಕಾಲು ಜೋಮು ಹಿಡಿತಾವ' ಎಂದರೆ ಕನ್ನಡ ಬಾರದವರು ನರ್ಸಿನ ಮುಖ ನೋಡಬೇಕು. 'ನುಲಿ'ಗೂ 'ಉರಿ'ಗೂ ವ್ಯತ್ಯಾಸ ತಿಳಿಯದಿದ್ದರೆ ಔಷಧಿಯೇ ಬದಲಾದೀತು. 2019ರಲ್ಲಿ ದೇಶದ ವೈದ್ಯಕೀಯ ಪಠ್ಯಕ್ರಮ ಬದಲಾದಾಗ ಮೊದಲ ವರ್ಷದ ಆರಂಭಕ್ಕೆ ಒಂದು ತಿಂಗಳ ಅಡಿಪಾಯ ಕೋರ್ಸು ಸೇರಿಸಿ, ಅದರಲ್ಲಿ ಸ್ಥಳೀಯ ಭಾಷೆಗೂ ಜಾಗ ಕೊಟ್ಟರು. ಮಾಸ್ಕೋ ಒಂದು ವರ್ಷ ಕೊಟ್ಟ ಕೆಲಸಕ್ಕೆ ಇಲ್ಲಿ ಒಂದು ತಿಂಗಳ ಒಂದು ಪಾಲು. ಇದ್ದುದರಲ್ಲಿ ಅದೂ ಸರಿಯೇ.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದಾಗ ಅಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 18 ಸಾವಿರ. ಮೆಟ್ರೊ ನಿಲ್ದಾಣಗಳಲ್ಲಿ, ನೆಲಮಾಳಿಗೆಗಳಲ್ಲಿ ಅಡಗಿ, ಗಡಿಯ ಕಡೆಗೆ ಹೊರಟವರಿಗೆ ರೈಲಿನ ಘೋಷಣೆ, ಕಾವಲುಗಾರರ ಆಜ್ಞೆ ಅರ್ಥವಾಗುವಷ್ಟು ಭಾಷೆಯೇ ಅಂದಿನ ಆಸರೆ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಗೆ ಹೋಗಿದ್ದ, ನಾಲ್ಕನೆಯ ವರ್ಷದಲ್ಲಿದ್ದ ಕನ್ನಡಿಗ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಹರಿಹರದಿಂದ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರಿನ ಕಡೆಗೆ ಹೋದರೆ ಸಿಗುವ ಚಳಗೇರಿ ಅವನ ಊರು.

ಬದುಕಿ ಬಂದವರ ಓದು ಅರ್ಧಕ್ಕೆ ನಿಂತಿತು. 2021ರ ನವೆಂಬರಿನಲ್ಲಿ ಬಂದ ನಿಯಮದಂತೆ ವಿದೇಶದ ವೈದ್ಯ ಪದವಿಗೆ ಇಲ್ಲಿ ಮಾನ್ಯತೆ ಬೇಕಿದ್ದರೆ ಕನಿಷ್ಠ 54 ತಿಂಗಳ ಓದು ಇಂಗ್ಲಿಷಿನಲ್ಲೇ ಆಗಬೇಕು, 12 ತಿಂಗಳ ಇಂಟರ್ನ್‌ಶಿಪ್ ಅಲ್ಲೇ ಮುಗಿಯಬೇಕು. ರೋಗಿಯ ಭಾಷೆ ಕಲಿಯದೆ ಆ ಹನ್ನೆರಡು ತಿಂಗಳು ಕಳೆಯುವುದು ಹೇಗೆ? 2022ರ ಸೆಪ್ಟೆಂಬರಿನಲ್ಲಿ ಬೇರೆ ದೇಶಗಳ ವಿಶ್ವವಿದ್ಯಾಲಯಗಳಿಗೆ ಹೋಗಿ ಓದು ಮುಂದುವರಿಸಲು ಅನುಮತಿ ಸಿಕ್ಕಿತು. ಕೆಲವರು ಜಾರ್ಜಿಯಾ ಸೇರಿದರು. ಅಲ್ಲಿನ ಲಿಪಿ ಸಿರಿಲಿಕ್ ಕೂಡ ಅಲ್ಲ. ಅಕ್ಷರಾಭ್ಯಾಸ ಮತ್ತೆ ಮೊದಲಿನಿಂದ.

ಚಳಗೇರಿಯ ವಿದ್ಯಾರ್ಥಿಯ ದೇಹ ಊರಿಗೆ ಬಂದದ್ದು ಮಾರ್ಚ್ 21ರಂದು. ಅಂತಿಮ ದರ್ಶನ, ವೀರಶೈವ ಪದ್ಧತಿಯ ವಿಧಿಗಳು ಮುಗಿದ ಮೇಲೆ ಮನೆಯವರು ಅದನ್ನು ಮಣ್ಣು ಮಾಡಲಿಲ್ಲ. ದಾವಣಗೆರೆಯ ಎಸ್.ಎಸ್. ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ವಿದ್ಯಾರ್ಥಿಗಳ ಕಲಿಕೆಗೆಂದು ಒಪ್ಪಿಸಿದರು.